ಬನ್ನಣ್ಣ ಗಾಜಿನ ಮೇಲೆ ಬರೆದದ್ದು

ಬೇಕರಿಯವನನ್ನು ಬೀದಿಯವರೆಲ್ಲ ಬನ್ನಣ್ಣ ಎಂದೇ ಕರೆಯುತ್ತಿದ್ದರು. ದುಂಡನೆಯ ಮುಖ, ನೆತ್ತಿಯ ಮೇಲೆ ತುಸು ಹೊಳಪು, ಆಗಷ್ಟೇ ಒಲೆಯಿಂದ ಇಳಿಸಿದ ಬನ್ನಿನಂತೆಯೇ ಇದ್ದ. ಆ ಹೆಸರನ್ನು ಮೊದಲು ಇಟ್ಟವಳು ಅವನ ಸ್ವಂತ ಅಕ್ಕ, ಅವನಿಗೆ ಆರು ವರ್ಷವಿದ್ದಾಗ. ಈಗ ಅವನಿಗೆ ಐವತ್ತೊಂದು. ಅಂಗಡಿ ಅಪ್ಪನ ಕಾಲದ್ದು: ಬೀದಿಯ ಮೂಲೆಯಲ್ಲಿ ಮೂರು ಮೆಟ್ಟಿಲು ಹತ್ತಿದರೆ ಗಾಜಿನ ಬಾಗಿಲು, ಒಳಗೆ ಮರದ ಕಟ್ಟೆ, ಹಿಂದೆ ಹಿಟ್ಟು ನಾದುವ ಉದ್ದನೆಯ ಮೇಜು ಮತ್ತು ಒಲೆ. ಅಪ್ಪ ಐವತ್ತೆಂಟನೇ ವಯಸ್ಸಿಗೆ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ರಕ್ತ ಹೋಗುತ್ತಿರುವುದನ್ನು ಒಂದು ವರ್ಷ ಯಾರಿಗೂ ಹೇಳದೆ ನುಂಗಿಕೊಂಡಿದ್ದ ಮನುಷ್ಯ. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು.

ಅಕ್ಕ ನರ್ಸು. ಸಣ್ಣ ಕ್ಯಾಮೆರಾ ಇರುವ ಕೊಳವೆಯನ್ನು ಇಳಿಸಿ ಕರುಳಿನ ಒಳಗನ್ನು ನೋಡುತ್ತಾರಲ್ಲ, ಆಸ್ಪತ್ರೆಯ ಆ ಕೋಣೆಯಲ್ಲಿ ಅವಳ ಕೆಲಸ. ಅಪ್ಪನಿಗೆ ಬಂದದ್ದು ಮಕ್ಕಳಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಒಂದು ಸಲ ಪರೀಕ್ಷೆ ಮಾಡಿಸಿಕೋ ಎಂದು ಅವಳು ತಮ್ಮನ ಬೆನ್ನು ಹತ್ತಿ ಹತ್ತು ವರ್ಷವೇ ಆಗಿತ್ತು. ಅವನು ಪ್ರತಿ ಸಲ ಒಲೆಯ ನೆಪ, ಹಿಟ್ಟಿನ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಕೊನೆಗೆ ಒಂದು ರಜೆಯ ದಿನ ಅವಳು ಸೀದಾ ಬೇಕರಿಯ ಹಿಂಭಾಗಕ್ಕೆ ಬಂದು ಹಿಟ್ಟಿನ ಮೂಟೆಯ ಮೇಲೆ ಕುಳಿತುಬಿಟ್ಟಳು.

"ನೀನು ಹೂಂ ಅನ್ನೋವರೆಗೂ ನಾನು ಇಲ್ಲಿಂದ ಏಳಲ್ಲ ಕಣೋ."

"ಅಕ್ಕಾ, ಆ ಮೂಟೆ ಈಗ ಬಿಚ್ಚಬೇಕು ನಾನು."

"ಹೂಂ ಅನ್ನು, ಬಿಚ್ಚು."

ಅರ್ಧ ಗಂಟೆ ಹಗ್ಗಜಗ್ಗಾಟ ನಡೆಯಿತು. ಹೊರಗೆ ಗಿರಾಕಿಗಳು ಗೊಣಗತೊಡಗಿದಾಗ ಅವನು ಹೂಂ ಎಂದ.

ಪರೀಕ್ಷೆಯಲ್ಲಿ ಎರಡು ಸಣ್ಣ ಗಂಟುಗಳು ಸಿಕ್ಕವು. ಅಲ್ಲೇ ಕತ್ತರಿಸಿ ತೆಗೆದರು. ಇಂಥ ಗಂಟುಗಳಲ್ಲಿ ಕೆಲವು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಬಹುದು, ಇವು ಇನ್ನೂ ಹಾಗಾಗಿರಲಿಲ್ಲ, ಮೂರು ವರ್ಷ ಬಿಟ್ಟು ಮತ್ತೆ ಬನ್ನಿ ಎಂದರು ಡಾಕ್ಟರು.

"ಊಟದ ಕಡೆ ಸ್ವಲ್ಪ ಗಮನ ಕೊಡಿ," ಎಂದರು ಡಾಕ್ಟರು. "ತರಕಾರಿ, ಹಣ್ಣು, ಬೇಳೆಕಾಳು, ತವುಡು ತೆಗೀದೇ ಇರೋ ಧಾನ್ಯ ಜಾಸ್ತಿ ಇರ್ಲಿ. ಸಾಸೇಜು, ಉಪ್ಪು ಹಾಕಿ ಹೊಗೆ ಹಿಡಿಸಿದ ಮಾಂಸ, ಇವನ್ನ ಆದಷ್ಟು ದೂರ ಇಡಿ. ಕುಡಿಯೋ ಅಭ್ಯಾಸ ಇದ್ರೆ ಕಡಿಮೆ ಮಾಡಿ. ಹೊಟ್ಟೆ ಕರಗಬೇಕು, ದಿನಾ ನಡೀಬೇಕು."

"ಬ್ರೆಡ್ಡು ತಿನ್ನಬಹುದಾ ಡಾಕ್ಟ್ರೇ?"

"ಯಾವ ಬ್ರೆಡ್ಡು?"

"ನಾನೇ ಮಾಡೋದು. ಹಾಲಿನಂಥ ಬಿಳೀದು," ಎಂದ ಬನ್ನಣ್ಣ, ಹೆಮ್ಮೆಯಿಂದಲೇ.

ಡಾಕ್ಟರು ನಕ್ಕರು. "ನೀವೇ ಮಾಡೋರಾದ್ರೆ ನೀವೇ ಬದಲಾಯಿಸಬಹುದಲ್ಲ. ಎಲ್ಲರಿಗೂ ಆ ಅನುಕೂಲ ಇರಲ್ಲ ನೋಡಿ."

ಆ ಮಾತು ಅವನ ತಲೆಯಲ್ಲಿ ಕುಳಿತುಬಿಟ್ಟಿತು. ಅಲ್ಲಿಯವರೆಗೆ ಅವನ ಊಟವೆಂದರೆ ನಿಂತಲ್ಲೇ ಆಗುತ್ತಿದ್ದದ್ದು. ಬೆಳಗ್ಗೆ ಎರಡು ಬನ್ನು, ಮಧ್ಯಾಹ್ನ ಒಳಗೆ ಸಾಸೇಜ್ ಇಟ್ಟು ಬೇಯಿಸಿದ ಇನ್ನೆರಡು ಬನ್ನು, ಸಂಜೆ ಉಳಿದದ್ದು. ಅಪ್ಪನೂ ಹಾಗೇ ತಿಂದವರು. ಈಗ ಹೆಂಡತಿ ಮಧ್ಯಾಹ್ನ ಹಿಂಬಾಗಿಲಿನಿಂದ ಬಂದು ಮೇಜಿನ ತುದಿಯ ಹಿಟ್ಟು ಒರೆಸಿ, ತಟ್ಟೆ ಇಟ್ಟು, ಅವನನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಅರ್ಧ ತಟ್ಟೆ ತರಕಾರಿ, ಒಂದು ಬಟ್ಟಲು ಬೇಯಿಸಿದ ಕಾಳು, ಒಂದು ಹಣ್ಣು.

"ನಾನೇನು ಮೊಲಾನಾ?" ಎಂದ ಮೊದಲ ದಿನ.

"ಮೊಲ ಇಷ್ಟು ಮಾತಾಡಲ್ಲ ರೀ. ತಿನ್ನಿ," ಎಂದಳು.

ನಾಲ್ಕು ತಿಂಗಳಲ್ಲಿ ಅವನ ಬೆಲ್ಟು ಎರಡು ತೂತು ಒಳಗೆ ಸರಿಯಿತು. ಕಂದು ಬ್ರೆಡ್ಡಿನ ಕೆಲಸ ಮಾತ್ರ ಅಷ್ಟು ಸಲೀಸಾಗಿ ಆಗಲಿಲ್ಲ. ತವುಡು ತೆಗೆಯದ ಗೋಧಿ ಹಿಟ್ಟನ್ನು ತರಿಸಿ, ಬಿಳಿ ಬ್ರೆಡ್ಡಿಗೆ ನಾದಿದ ಹಾಗೇ ನಾದಿ ಒಲೆಗಿಟ್ಟ. ಹೊರಬಂದದ್ದು ಇಟ್ಟಿಗೆ. ಹೆಂಡತಿ ಅದನ್ನು ಕೈಯಲ್ಲಿ ತೂಗಿ ನೋಡಿ, "ಬಾಗಿಲಿಗೆ ಅಡ್ಡ ಇಟ್ರೆ ಗಾಳಿಗೆ ಬಡ್ಕೊಳ್ಳಲ್ಲ," ಎಂದಳು. ಎರಡನೆಯ ಸಲದ್ದು ಚಾಕು ತಾಗಿಸಿದರೆ ಪುಡಿಯಾಗಿ ಉದುರಿತು. ಆಮೇಲೆ ನಿಧಾನವಾಗಿ ಒಂದೊಂದೇ ಅರ್ಥವಾಯಿತು. ತವುಡು ಇರುವ ಹಿಟ್ಟಿಗೆ ಬಾಯಾರಿಕೆ ಹೆಚ್ಚು, ನೀರು ಜಾಸ್ತಿ ಬೇಕು. ನಾದುವ ಮೊದಲು ಒಂದು ಗಂಟೆ ನೆನೆಯಲು ಬಿಡಬೇಕು. ಕೈಗೆ ಅಂಟುತ್ತದೆಂದು ಒಣ ಹಿಟ್ಟು ಉದುರಿಸಬಾರದು, ಕೈಯನ್ನೇ ಒದ್ದೆ ಮಾಡಿಕೊಳ್ಳಬೇಕು. ಬೆಂದ ಮೇಲೂ ಪೂರ್ತಿ ಆರುವವರೆಗೆ ಕುಯ್ಯಬಾರದು. ಏಳನೆಯ ಸಲಕ್ಕೆ ಬ್ರೆಡ್ಡು ಟಿನ್ನಿನ ಅಂಚು ದಾಟಿ ಮೇಲೆದ್ದಿತು.

ಅದಕ್ಕೂ ಮೊದಲು, ಇಟ್ಟಿಗೆಯ ಕಾಲದಲ್ಲೇ, ಅದನ್ನು ಒಯ್ದವರು ಒಬ್ಬರೇ: ಟೈಲರಮ್ಮ. ಬೇಕರಿಯ ಎದುರು ಮಹಡಿಯಲ್ಲಿ ಅವರ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಮಷೀನು, ಮಷೀನಿನ ಹಿಂದೆ ನೂಲಿನಂತೆ ತೆಳ್ಳಗಿನ ಹೆಂಗಸು. ಬನ್ನಣ್ಣನಿಗಿಂತ ನಾಲ್ಕೈದು ವರ್ಷ ದೊಡ್ಡವರು, ಒಂಟಿ ಜೀವ. ಮುಂಜಾನೆ ಎದ್ದು ನಡೆಯುವವರು, ಮನೆಯಲ್ಲಿ ಬೇಯಿಸಿದ್ದು ಬಿಟ್ಟು ಬೇರೆ ತಿನ್ನದವರು, ಒಂದು ಹನಿ ಕುಡಿಯದವರು. "ರುಚಿ ಇದೆ ಬನ್ನಣ್ಣ, ಎತ್ತರ ಇಲ್ಲ ಅಷ್ಟೆ," ಎಂದು ಅವರು ಹೇಳಿದ್ದೇ ಅವನಿಗೆ ಮತ್ತೆ ಮತ್ತೆ ಹಿಟ್ಟು ಕಲಸುವ ಧೈರ್ಯ ಕೊಟ್ಟಿತ್ತು.

ಎತ್ತರ ಬಂದರೂ ಗಿರಾಕಿಗಳು ಬರಲಿಲ್ಲ. ಕಂದು ಬ್ರೆಡ್ಡು ಕಪಾಟಿನಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿತ್ತು. ಬನ್ನಣ್ಣನಿಗೆ ಸಹಿಸಲಾಗಲಿಲ್ಲ. ಇದನ್ನು ತಿಂದರೆ ಒಳ್ಳೆಯದೆಂದು ಗೊತ್ತಿದ್ದೂ ಜನ ಬಿಳಿಯದನ್ನೇ ಒಯ್ಯುತ್ತಾರಲ್ಲ! ಒಂದು ಬೆಳಿಗ್ಗೆ ಬಿಳಿ ಬಣ್ಣ, ಕುಂಚ ತಂದು ಬಾಗಿಲ ಪಕ್ಕದ ಗಾಜಿನ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದ: ಕ್ಯಾನ್ಸರ್ ತಡೆಯುವ ಬ್ರೆಡ್. ಅದರ ಕೆಳಗೆ: ತಿಂದವರಿಗೆ ಭಯವಿಲ್ಲ.

ಹೆಂಡತಿ ಬೀದಿಗಿಳಿದು ನಿಂತು ಓದಿದಳು. "ಇಷ್ಟು ದೊಡ್ಡ ಮಾತು ಯಾಕೆ ರೀ?"

"ಡಾಕ್ಟ್ರೇ ಹೇಳಿದ್ದಲ್ವಾ?"

"ಡಾಕ್ಟ್ರು ಭಯವಿಲ್ಲ ಅಂದ್ರಾ?"

"ಹೆಚ್ಚುಕಮ್ಮಿ ಅದೇ ಅರ್ಥ," ಎಂದ ಅವನು, ಕುಂಚ ತೊಳೆಯುತ್ತ.

ಬರಹ ಕೆಲಸ ಮಾಡಿತು. ವಾರದೊಳಗೆ ಕಂದು ಬ್ರೆಡ್ಡು ಹತ್ತು ಗಂಟೆಗೆಲ್ಲ ಖಾಲಿಯಾಗತೊಡಗಿತು. ಬನ್ನಣ್ಣನಿಗೆ ಹುರುಪು ಏರಿತು. ಸಾಸೇಜ್ ಬನ್ನು ನಿಲ್ಲಿಸಿದ. ಬಿಳಿ ಬ್ರೆಡ್ಡನ್ನೂ ನಿಲ್ಲಿಸಿದ. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದ ವೃದ್ಧರೊಬ್ಬರು ಮೆತ್ತನೆಯದು ಬೇಕೆಂದು ಕೇಳಿದರೆ, ಕರುಳು ಮುಖ್ಯವೋ ಹಲ್ಲು ಮುಖ್ಯವೋ ಎಂದು ಪಾಠ ಮಾಡಿ ಕಳಿಸಿದ. ಬ್ರೆಡ್ಡು ಕಟ್ಟಿಕೊಡುವಷ್ಟರಲ್ಲಿ ಎದುರಿಗಿದ್ದವರಿಗೆ ಬುದ್ಧಿಮಾತು ಸಿದ್ಧವಾಗಿರುತ್ತಿತ್ತು. "ನಮ್ಮಪ್ಪ ಬಾಯಿಗೆ ಬಂದದ್ದು ತಿಂದ್ರು, ಹೋದ್ರು. ನಾನು ಹಾಗೆ ಹೋಗಲ್ಲ," ಎಂದು ಅವನು ಎಷ್ಟೋ ಜನರ ಮುಂದೆ ಹೇಳಿದ್ದುಂಟು. ಹೆಂಡತಿ ಆ ಮಾತು ಕೇಳಿದಾಗಲೆಲ್ಲ ಒಳಗೆ ಎದ್ದು ಹೋಗುತ್ತಿದ್ದಳು.

ಈ ಗದ್ದಲದಲ್ಲಿ ಎದುರು ಮಹಡಿಯ ಕಿಟಕಿ ಮುಚ್ಚಿದ್ದನ್ನು ಅವನು ಸರಿಯಾಗಿ ಗಮನಿಸಲೇ ಇಲ್ಲ. ಎರಡು ತಿಂಗಳು ಹೊಲಿಗೆ ಇಲ್ಲ ಎಂದು ಚೀಟಿ ಅಂಟಿಸಿತ್ತು. ಟೈಲರಮ್ಮ ದೂರದಲ್ಲಿದ್ದ ತಮ್ಮ ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡ, ಮರೆತ.

ಟೈಲರಮ್ಮ ಮತ್ತೆ ಬಂದದ್ದು ಒಂದು ಬೆಳಿಗ್ಗೆ, ಅಂಗಡಿಯಲ್ಲಿ ನಾಲ್ಕು ಜನ ಸಾಲು ನಿಂತಿದ್ದಾಗ. ಮೆಟ್ಟಿಲು ಹತ್ತುವ ಮೊದಲು ಅವರು ಗಾಜಿನ ಹೊರಗೆ ಬಹಳ ಹೊತ್ತು ನಿಂತು ಓದಿದರು. ಒಳಗಿನಿಂದ ನೋಡಿದವನಿಗೆ ತಿರುಗುಮುರುಗಾದ ಅಕ್ಷರಗಳ ನಡುವೆ ಅವರ ಮುಖ ಕಂಡಿತು. ಕೆನ್ನೆಯ ಮೂಳೆ ಎದ್ದಿತ್ತು. ತೊಟ್ಟಿದ್ದ ಅಂಗಿ ಬೇರೆ ಯಾರದ್ದೋ ಎನ್ನುವಂತೆ ಜೋತಿತ್ತು.

"ಏನಮ್ಮಾ, ತಂಗಿ ಮನೇಲಿ ಊಟ ಹಾಕ್ಲಿಲ್ವಾ?" ಎಂದು ಅವನು ನಗೆಯಾಡಿದ.

"ಆಸ್ಪತ್ರೇಲಿದ್ದೆ ಬನ್ನಣ್ಣ. ಕರುಳಿನ ಕ್ಯಾನ್ಸರು. ಒಂದು ಗೇಣು ಕತ್ತರಿಸಿ ತೆಗೆದಿದ್ದಾರೆ. ಇನ್ನು ಆರು ತಿಂಗಳು ಕೀಮೋ ಔಷಧಿ ಏರಿಸಬೇಕಂತೆ."

ಸಾಲಿನಲ್ಲಿದ್ದ ಹೆಂಗಸೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡು, ಕೇಡು ಬಗೆಯದೆ, ಕನಿಕರದಿಂದಲೇ ಕೇಳಿದಳು: "ಅಯ್ಯೋ! ಅಂಥದ್ದು ಏನು ತಿಂದ್ರಿ ನೀವು?"

ಟೈಲರಮ್ಮ ಅವಳತ್ತ ತಿರುಗಲಿಲ್ಲ. "ನಾನೂ ಅದನ್ನೇ ಬನ್ನಣ್ಣನ್ನ ಕೇಳೋಣ ಅಂತ ಬಂದೆ," ಎಂದರು. ದನಿ ಏರಲಿಲ್ಲ. "ಮೂವತ್ತು ವರ್ಷದಿಂದ ಸೊಪ್ಪು, ತರಕಾರಿ, ಕಾಳು. ನಿನ್ನ ಇಟ್ಟಿಗೇನೂ ತಿಂದೆ. ಕುಡಿಯಲ್ಲ, ಸೇದಲ್ಲ. ದಿನಾ ಕಾಲು ನೋಯೋ ಹಾಗೆ ನಡೀತೀನಿ. ತಿಂದವರಿಗೆ ಭಯವಿಲ್ಲ ಅಂತ ಬರೆದಿದ್ದೀಯಲ್ಲ. ನಂಗೆ ಯಾಕಪ್ಪ ಬಂತು?"

ಬನ್ನಣ್ಣ ಕೈಯಲ್ಲಿದ್ದ ಬ್ರೆಡ್ಡನ್ನು ಕಟ್ಟೆಯ ಮೇಲಿಟ್ಟ.

"ಗೊತ್ತಿಲ್ಲಮ್ಮ," ಎಂದ.

"ಹಾಗಾದ್ರೆ ಹಾಗಂತ ಬರೀಬೇಕಿತ್ತು," ಎಂದರು ಅವರು. ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು, ಬೀದಿ ದಾಟಿ ಹೋದರು. ಏನನ್ನೂ ಕೊಳ್ಳಲಿಲ್ಲ.

ಸಾಲು ಕರಗಿದ ಮೇಲೆ ಬನ್ನಣ್ಣ ಹಿಟ್ಟು ಕೆರೆಯುವ ತಗಡು ತೆಗೆದುಕೊಂಡು ಹೊರಗೆ ಹೋಗಿ ಗಾಜು ಕೆರೆಯತೊಡಗಿದ. ಬಣ್ಣ ಗಟ್ಟಿಯಾಗಿ ಕೂತಿತ್ತು. ಹೆಂಡತಿ ಬಿಸಿ ನೀರು, ಬಟ್ಟೆ ತಂದು ಪಕ್ಕದಲ್ಲಿ ನಿಂತಳು. ನಾನು ಮೊದಲೇ ಹೇಳಿದ್ದೆ ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ. ಅದಕ್ಕಾಗಿ ಅವನು ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದ.

ಮರುದಿನ ಮಧ್ಯಾಹ್ನ ಕೆಲಸ ಮುಗಿಸಿ ಬಂದ ಅಕ್ಕನ ಮುಂದೆ ಎಲ್ಲವನ್ನೂ ಹೇಳಿದ. ಬೈಯುತ್ತಾಳೆಂದು ತಲೆ ತಗ್ಗಿಸಿಕೊಂಡಿದ್ದ. ಅವಳು ಬೈಯಲಿಲ್ಲ.

"ಆ ಕೋಣೇಲಿ ಇಪ್ಪತ್ತೆಂಟು ವರ್ಷದಿಂದ ಇದ್ದೀನಿ ಕಣೋ. ರೋಗಕ್ಕಿಂತ ಜಾಸ್ತಿ ಜನರನ್ನ ಕೊರೆಯೋದು ಆ ಒಂದು ಪ್ರಶ್ನೆ. ನಾನೇನು ತಪ್ಪು ಮಾಡಿದೆ ಅಂತ. ನೀನು ಅದಕ್ಕೆ ಬಣ್ಣ ಹಚ್ಚಿ ಗಾಜಿನ ಮೇಲೆ ಬರೆದೆ."

"ಹಾಗಾದ್ರೆ ಡಾಕ್ಟ್ರು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಚೆನ್ನಾಗಿ ತಿಂದ್ರೆ ಬರೋ ಸಾಧ್ಯತೆ ಕಡಿಮೆ ಆಗುತ್ತೆ. ಕಡಿಮೆ ಆಗುತ್ತೆ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ನೀನು ಎಷ್ಟೇ ಹುಷಾರಾಗಿ ಮಾಡಿದ್ರೂ ಒಂದೊಂದು ದಿನ ಒಂದು ಟಿನ್ನು ಬ್ರೆಡ್ಡು ಏಳೋದೇ ಇಲ್ಲ, ಹೌದೋ ಇಲ್ವೋ?"

"ಹೌದು."

"ಅದಕ್ಕೇ ಹುಷಾರಾಗಿ ಮಾಡೋದು ಬಿಟ್ಟುಬಿಡ್ತೀಯಾ?"

"ಇಲ್ಲ."

"ಏಳದ ಬ್ರೆಡ್ಡನ್ನ ಎದುರಿಗೆ ಕೂರಿಸಿಕೊಂಡು ಬೈತೀಯಾ?"

ಬನ್ನಣ್ಣನಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಹಿಟ್ಟು ಸವರುತ್ತ ಕುಳಿತ. "ಅಪ್ಪನಿಗೆ ತಿಂದದ್ದರಿಂದಲೇ ಬಂತಾ ಅಕ್ಕ?" ಎಂದು ಕೇಳಿದ.

"ಗೊತ್ತಿಲ್ಲ. ತಿಂದದ್ದರ ಪಾಲು ಇತ್ತೋ ಏನೋ. ಹುಟ್ಟಿನಿಂದ ಬಂದದ್ದರ ಪಾಲು ಇತ್ತೋ ಏನೋ. ಒಬ್ಬ ಮನುಷ್ಯನ ವಿಷಯದಲ್ಲಿ ಇದರಿಂದಲೇ ಆಯ್ತು ಅಂತ ಯಾರೂ ಬೆರಳು ಮಾಡಿ ತೋರಿಸೋಕಾಗಲ್ಲ. ಒಂದು ಮಾತ್ರ ಗೊತ್ತು, ಬೇಗ ಬಂದು ತೋರಿಸಿಕೊಂಡಿದ್ರೆ ಉಳಿಯೋ ದಾರಿ ಜಾಸ್ತಿ ಇತ್ತು."

"ಇಷ್ಟು ವರ್ಷ ನಾನು ಅವರ ಮೇಲೆ ಸಿಟ್ಟು ಇಟ್ಕೊಂಡಿದ್ದೆ."

"ನಂಗೆ ಗೊತ್ತು," ಎಂದಳು ಅಕ್ಕ. "ನಾನೂ ಇಟ್ಕೊಂಡಿದ್ದೆ. ನರ್ಸಾಗಿ ಅದೇ ಮನೇಲಿದ್ದು ನಂಗೇ ಕಾಣಲಿಲ್ವಲ್ಲ ಅಂತ ನನ್ನ ಮೇಲೂ ಇತ್ತು." ಎದ್ದು ಅವನ ನೆತ್ತಿಗೆ ಅಂಟಿದ್ದ ಹಿಟ್ಟನ್ನು ಅಂಗೈಯಿಂದ ಒರೆಸಿದಳು. "ಹೋಗಿ ಅವರ ಹತ್ರ ಮಾತಾಡು. ಬುದ್ಧಿ ಹೇಳೋಕೆ ಹೋಗ್ಬೇಡ. ಏನು ಬೇಕು ಅಂತ ಕೇಳು."

ಬನ್ನಣ್ಣ ಆ ಸಂಜೆಯೇ ಎದುರು ಮಹಡಿ ಹತ್ತಿದ. ಕೈಯಲ್ಲಿ ಕಂದು ಬ್ರೆಡ್ಡಿನ ಪೊಟ್ಟಣ. ಕೋಣೆ ಚಿಕ್ಕದು, ಒಪ್ಪವಾಗಿತ್ತು. ಗೋಡೆಗೆ ಬಣ್ಣಬಣ್ಣದ ನೂಲಿನ ಉಂಡೆಗಳ ಹಲಗೆ, ಮೂಲೆಯಲ್ಲಿ ಒಂದು ಮಂಚ. ಟೈಲರಮ್ಮ ಮಷೀನಿನ ಮುಂದೆ ಕೂತು ತಮ್ಮದೇ ಅಂಗಿಗಳ ಹೊಲಿಗೆ ಬಿಚ್ಚಿ ಒಳಗೆ ಹಿಡಿಯುತ್ತಿದ್ದರು.

"ಬರೆದದ್ದನ್ನ ಅಳಿಸಿಬಿಟ್ಟೆ," ಎಂದ, ಬಾಗಿಲಲ್ಲೇ ನಿಂತು.

"ಕಿಟಕಿಯಿಂದ ನೋಡಿದೆ. ಕೂತ್ಕೋ."

"ನನ್ನ ತಪ್ಪು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದೆ. ನಂಗೆ ಹೆದರಿಕೆ ಇತ್ತಮ್ಮ. ಅಪ್ಪನ ಹಾಗೆ ನಂಗೂ ಆಗುತ್ತೆ ಅಂತ. ದಪ್ಪ ಅಕ್ಷರದಲ್ಲಿ ಬರೆದ್ರೆ ಆಗಲ್ಲ ಅನ್ನಿಸ್ತು."

ಟೈಲರಮ್ಮ ಕತ್ತರಿ ಕೆಳಗಿಟ್ಟರು. "ನಂಗೂ ಸಿಟ್ಟು ಬಂದದ್ದು ನಿನ್ನ ಮೇಲೆ ಅಲ್ಲ. ಬೇರೆ ಯಾರೂ ಸಿಗಲಿಲ್ಲ, ನೀನು ಸಿಕ್ಕಿದೆ." ಪೊಟ್ಟಣದತ್ತ ನೋಡಿದರು. "ಅದೇನು?"

"ಬ್ರೆಡ್ಡು. ಕಂದು."

ಅವರ ಮುಖದಲ್ಲಿ ಮೊದಲ ಸಲ ನಗು ಮೂಡಿತು. "ನೀನು ನಗ್ತೀಯೋ ಅಳ್ತೀಯೋ ಗೊತ್ತಿಲ್ಲ. ಕರುಳು ಕತ್ತರಿಸಿದ್ದಾರಲ್ಲ, ಗಾಯ ಮಾಯೋವರೆಗೂ ತವುಡು, ಕಾಳು, ಹಸಿ ತರಕಾರಿ ಏನೂ ಬೇಡ, ಮೆತ್ತಗಿರೋದು ತಿನ್ನಿ ಅಂದಿದ್ದಾರೆ ಆಸ್ಪತ್ರೇಲಿ. ನಂಗೀಗ ಬೇಕಾಗಿರೋದು ನಿನ್ನ ಹಳೇ ಬಿಳಿ ಬ್ರೆಡ್ಡು. ಅದನ್ನ ನೀನು ನಿಲ್ಲಿಸಿಬಿಟ್ಟಿದ್ದೀಯ."

ಬನ್ನಣ್ಣ ತಲೆ ಕೆರೆದುಕೊಂಡ. ಆಮೇಲೆ ಇಬ್ಬರೂ ನಕ್ಕರು. ಟೈಲರಮ್ಮ ಹೊಟ್ಟೆಯ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಗಬೇಕಾಯಿತು.

ಮರುದಿನದಿಂದ ಒಲೆಯಲ್ಲಿ ಬಿಳಿ ಬ್ರೆಡ್ಡು ಮತ್ತೆ ಬೇಯತೊಡಗಿತು. ಅವರಿಗಾಗಿ ಸಣ್ಣ ಟಿನ್ನು ಬೇರೆ, ಅಂಚು ತೆಗೆದು, ತೆಳ್ಳಗೆ ಕುಯ್ದು. ಉಳಿದವರಿಗೂ ಇತ್ತು. ಬನ್ನಣ್ಣ ಹಲ್ಲಿನ ಸೆಟ್ಟಿನ ವೃದ್ಧರ ಮನೆಗೆ ತಾನೇ ಹೋಗಿ ಕರೆದುಬಂದ.

ಔಷಧಿ ಏರಿಸಿಕೊಂಡು ಬಂದ ದಿನಗಳಲ್ಲಿ ಟೈಲರಮ್ಮನಿಗೆ ಬ್ರೆಡ್ಡೂ ಸೇರುತ್ತಿರಲಿಲ್ಲ. ತಣ್ಣೀರು ಮುಟ್ಟಿದರೆ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಆದರೆ ನಿಜವಾದ ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ, ಜಾರಿ ಬೀಳುತ್ತಿತ್ತು. ಬನ್ನಣ್ಣನ ಹೆಂಡತಿ ಮಧ್ಯಾಹ್ನ ಹೋಗಿ ಹತ್ತು ಹನ್ನೆರಡು ಸೂಜಿಗಳಿಗೆ ನೂಲು ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಬರುತ್ತಿದ್ದಳು. ಆಸ್ಪತ್ರೆಗೂ ಜೊತೆಗೆ ಹೋಗತೊಡಗಿದಳು. ಮೊದಮೊದಲು ಸಹಾಯಕ್ಕೆಂದು ಹೋದವಳು ಆಮೇಲೆ ಮಾತಿಗೆಂದು ಹೋದಳು. ನಾಲ್ಕನೆಯ ಸಲ ರಕ್ತದಲ್ಲಿ ಬಿಳಿಕಣಗಳ ಎಣಿಕೆ ಇಳಿದು ಔಷಧಿ ಒಂದು ವಾರ ಮುಂದೆ ಹೋಯಿತು. ಆಗ ಟೈಲರಮ್ಮ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬನ್ನಣ್ಣನ ಹೆಂಡತಿ ಮಂಚದ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸಿದಳು.

ಟೈಲರಮ್ಮನ ತಂಗಿಯನ್ನು ಕರುಳಿನ ಪರೀಕ್ಷೆಗೆ ಒಪ್ಪಿಸಿದ್ದೂ ಈ ದಿನಗಳಲ್ಲೇ. ಆಕೆ ದೂರದಲ್ಲಿದ್ದವಳು, ಬರಲು ನೂರು ನೆಪ ಹೇಳಿದಳು. ಬನ್ನಣ್ಣ ಫೋನು ಕೈಗೆ ತೆಗೆದುಕೊಂಡು, "ನೋಡಮ್ಮ, ನಾನು ಹತ್ತು ವರ್ಷ ಇದೇ ನೆಪ ಹೇಳಿದೋನು. ಒಂದೇ ದಿನದ ಪಾಡು. ಬಂದುಬಿಡು," ಎಂದ. ಬಂದಳು. ಬನ್ನಣ್ಣನ ಅಕ್ಕ ಕೆಲಸ ಮಾಡುವ ಕೋಣೆಯಲ್ಲೇ ನೋಡಿದರು. ಏನೂ ಇರಲಿಲ್ಲ. ಐದು ವರ್ಷ ಬಿಟ್ಟು ಮತ್ತೆ ಬಾ ಎಂದು ಕಳಿಸಿದರು.

ಔಷಧಿ ಇನ್ನೂ ಎರಡು ಮೂರು ಸಲ ಹೀಗೇ ಮುಂದೆ ಹೋಗಿ, ಆರು ತಿಂಗಳೆಂದದ್ದು ಏಳಾಯಿತು. ಕೊನೆಯ ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ, ಆದರೆ ಐದು ವರ್ಷ ಕಣ್ಣಿಟ್ಟಿರಬೇಕು ಎಂದರು. ಮಾಮೂಲಿ ಊಟಕ್ಕೆ ನಿಧಾನವಾಗಿ ಮರಳಬಹುದು ಎಂದೂ ಹೇಳಿದರು. ಟೈಲರಮ್ಮ ಮೊದಲು ಬೇಯಿಸಿದ ಕ್ಯಾರೆಟ್ಟು, ಆಮೇಲೆ ಸಿಪ್ಪೆ ತೆಗೆದ ಸೇಬು, ಆಮೇಲೆ ಒಂದು ಹಿಡಿ ಬೇಳೆ, ಹೀಗೆ ಹೊಟ್ಟೆಯ ಅಪ್ಪಣೆ ಕೇಳಿಕೊಂಡು ಮುಂದುವರಿದರು. ಒಂದು ಮಧ್ಯಾಹ್ನ ಬೇಕರಿಯ ಹಿಂಭಾಗದ ಸ್ಟೂಲಿನ ಮೇಲೆ ಕೂತು ಕಂದು ಬ್ರೆಡ್ಡಿನ ಒಂದು ತುಂಡು ಕೇಳಿದರು. ಬಹಳ ಹೊತ್ತು ಅಗಿದು ತಿಂದರು.

"ಇಷ್ಟೆಲ್ಲ ಆದ ಮೇಲೂ ಇದೇ ಬೇಕಾ ನಿಮಗೆ?" ಎಂದು ಬನ್ನಣ್ಣ ಕೇಳಿದ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

"ಇದನ್ನ ತಿಂದ್ರೆ ಮತ್ತೆ ಬರಲ್ಲ ಅಂತ ಯಾರೂ ಬರೆದುಕೊಡಲ್ಲ, ಗೊತ್ತು," ಎಂದರು ಅವರು. "ಆದ್ರೆ ಇಷ್ಟು ದೊಡ್ಡ ಆಪರೇಷನ್ನು ತಡ್ಕೊಂಡಿದ್ದೀರಲ್ಲ, ಮೈ ಗಟ್ಟಿ ಇಟ್ಕೊಂಡಿದ್ರಿ ಅಂದ್ರು ಡಾಕ್ಟ್ರು. ನನ್ನ ಕೈಲಿರೋದು ಸ್ವಲ್ಪವೇ ಬನ್ನಣ್ಣ. ಆ ಸ್ವಲ್ಪಾನ ಯಾಕೆ ಬಿಡ್ಲಿ?" ಕೈಯಲ್ಲುಳಿದ ಚೂರನ್ನು ತೋರಿಸಿದರು. "ಅಲ್ಲದೆ ಈಗ ಎತ್ತರಾನೂ ಬಂದಿದೆ."

ಗಾಜಿನ ಮೇಲೆ ಬನ್ನಣ್ಣ ಮತ್ತೇನೂ ಬರೆಯಲಿಲ್ಲ. ಕಂದು ಬ್ರೆಡ್ಡಿಗೆ ಗಿರಾಕಿಗಳು ಸ್ವಲ್ಪ ಕಡಿಮೆಯಾದರು, ಪೂರ್ತಿ ಹೋಗಲಿಲ್ಲ. ಇದು ತಿಂದರೆ ಕ್ಯಾನ್ಸರ್ ಬರಲ್ಲವಂತಲ್ಲ ಎಂದು ಯಾರಾದರೂ ಕೇಳಿದರೆ, "ಬರೋ ಸಾಧ್ಯತೆ ಸ್ವಲ್ಪ ಕಡಿಮೆ ಆಗಬಹುದು. ಬಾಕಿ ಊಟಾನೂ ನೆಟ್ಟಗಿರಬೇಕು. ವಯಸ್ಸಾದ ಮೇಲೆ ಒಂದು ಸಲ ಪರೀಕ್ಷೇನೂ ಮಾಡಿಸ್ಕೊಳ್ಳಿ," ಎನ್ನುತ್ತಿದ್ದ. ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು. ಸಾಲು ಬೇಗ ಮುಂದೆ ಸಾಗುತ್ತಿತ್ತು.

ಬಿಸಿಲು ಏರುವ ಮೊದಲು ಟೈಲರಮ್ಮ ಮತ್ತೆ ನಡೆಯಲು ಹೊರಡತೊಡಗಿದರು, ಬನ್ನಣ್ಣನ ಹೆಂಡತಿ ಅವರ ಜೊತೆ. ಒಲೆಯ ಮೊದಲ ಸುತ್ತು ಬೇಗ ಮುಗಿದ ದಿನ ಅವನೂ ಏಪ್ರನ್ನು ಬಿಚ್ಚಿಟ್ಟು ಹೊರಡುತ್ತಿದ್ದ. ಹೆಂಗಸರಿಬ್ಬರೂ ಮಾತಿಗೆ ತೊಡಗಿದರೆಂದರೆ ಹೆಜ್ಜೆಯೂ ಜೋರು. ಹತ್ತಿರದ ಉದ್ಯಾನದ ಎರಡನೆಯ ಸುತ್ತಿಗೆ ಅವನು ಇಪ್ಪತ್ತು ಮಾರು ಹಿಂದೆ ಬಿದ್ದಿರುತ್ತಿದ್ದ. "ನಿಧಾನ ಮಾರಾಯ್ತೀರಾ!" ಎಂದು ಕೂಗುತ್ತಿದ್ದ. ಅವರು ಒಮ್ಮೆ ಹಿಂತಿರುಗಿ ನೋಡಿ, ಕೈಬೀಸಿ, ಮುಂದೆ ಹೋಗುತ್ತಿದ್ದರು.